ಮುಂದಿನ ಗಾಲಿಗೆ ನಲವತ್ತು ಕಡ್ಡಿ

ಸೈಕಲ್ ಕೂಡಿಸುವುದೂ ಮದುವೆ ಕೂಡಿಸುವುದೂ ಒಂದೇ ಎಂದು ನಮ್ಮ ಕಡೆ ಮಾತಿಗೆ ಹೇಳುವುದುಂಟು. ಹಾಗೆ ಹೇಳುವವರು ಯಾರೂ ಸೈಕಲ್ ಕೂಡಿಸಿದವರಲ್ಲ. ಮದುವೆಯಲ್ಲಿ ಜೋಡಿ ಹೊಂದದಿದ್ದರೂ ಅತ್ತು ಕರೆದು ಒಂದು ಆಯುಷ್ಯ ದೂಡಿಬಿಡಬಹುದು. ಚಕ್ರದ ನಡುವಿನ ಹಬ್‌ಗೆ ಮೂವತ್ತೆರಡು ತೂತು, ಹೊರಗಿನ ರಿಮ್ಮಿಗೆ ನಲವತ್ತು ತೂತು ಇದ್ದರೆ ಯಾವ ಹಿರಿಯರು ಕೂತು ರಾಜಿ ಮಾಡಿದರೂ ಅದು ಚಕ್ರವಾಗುವುದಿಲ್ಲ. ಎಂಟು ಕಡ್ಡಿ ಕೈಯಲ್ಲೇ ಉಳಿಯುತ್ತವೆ.

ಅಫಜಲಪುರದ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ನನ್ನ ಸೈಕಲ್ ಅಂಗಡಿ ಇತ್ತು. ಎಂಬತ್ತರ ದಶಕದ ಮಾತು. ಬಾಡಿಗೆ ಸೈಕಲ್ಲು, ಪಂಕ್ಚರು, ರಿಪೇರಿ ಎಲ್ಲ ಇದ್ದರೂ ನನ್ನ ಹೆಸರು ಓಡುತ್ತಿದ್ದದ್ದು ಚಕ್ರ ಕಟ್ಟುವುದರಲ್ಲಿ. ಡೊಂಕಾದ ಚಕ್ರವನ್ನು ಕಡ್ಡಿ ಬಿಗಿದು, ಸಡಿಲಿಸಿ ನೆಟ್ಟಗೆ ಮಾಡುವುದಕ್ಕೆ ‘ಔಟ್ ತೆಗೆಯುವುದು’ ಎನ್ನುತ್ತಾರೆ. ಘತ್ತರಗಿ, ಗಾಣಗಾಪುರದಿಂದ ಜನ ಔಟ್ ತೆಗೆಸಲು ನನ್ನ ಹತ್ತಿರ ಬರುತ್ತಿದ್ದರು. ನಾನು ಕಟ್ಟಿದ ಚಕ್ರ ತಿರುಗುವಾಗ ರಿಮ್ಮಿನ ಪಕ್ಕ ಊದುಬತ್ತಿ ಹಿಡಿದರೆ ಅದರ ಬೂದಿ ಕೂಡ ಉದುರುತ್ತಿರಲಿಲ್ಲ. ಇದನ್ನು ನಾನೇ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದೆ. ಅಹಂಕಾರ ಅಂದರೆ ಅಹಂಕಾರವೇ. ಬೇರೆ ಹೆಸರು ಇಡುವುದಿಲ್ಲ.

ಒಂದು ದಿನ ಗಂಡ ಹೆಂಡತಿ ಇಬ್ಬರು ಒಂದು ಗಿಡ್ಡ ಸೈಕಲ್ ತಳ್ಳಿಕೊಂಡು ಬಂದರು. ಜೇವರ್ಗಿ ಆಚೆಯ ಹಳ್ಳಿಯವರು. ಅವನಿಗೆ ನಲವತ್ತರ ಹತ್ತಿರ, ಬಡಕಲು ಮೈ, ನಡೆದರೆ ನೆಲಕ್ಕೆ ಗೊತ್ತಾಗದಂಥ ಹೆಜ್ಜೆ. ಆಳಂದ, ಜೇವರ್ಗಿ, ಅಫಜಲಪುರದ ಸಂತೆಗಳಲ್ಲಿ ಸೈಕಲ್ ಆಟ ಆಡಿಸಿ ಬದುಕುತ್ತಿದ್ದ. ಹಿಂದಕ್ಕೆ ತುಳಿಯುವುದು, ಸೀಟಿನ ಮೇಲೆ ನಿಲ್ಲುವುದು, ಹಿಂದಿನ ಗಾಲಿಯೊಂದರ ಮೇಲೆ ಸುತ್ತುವುದು. ಈಗಿನ ಹುಡುಗರು ಬಿಎಂಎಕ್ಸ್ ಎಂಬ ಸೈಕಲ್ ಮೇಲೆ ಸಿಮೆಂಟಿನ ಅಂಗಳದಲ್ಲಿ ಮಾಡುವುದನ್ನೆಲ್ಲ ಅವನು ಜಾಲಿಮುಳ್ಳು ಗುಡಿಸಿದ ಮಣ್ಣಿನ ಮೇಲೆ ಮಾಡುತ್ತಿದ್ದ. ಹೆಂಡತಿ ಸೀಟಿ ಊದುತ್ತ ಜನರನ್ನು ಹಿಂದೆ ಸರಿಸಿ ತಟ್ಟೆ ಹಿಡಿಯುತ್ತಿದ್ದಳು. ಊರಿಗೆ ಗೊತ್ತಿದ್ದದ್ದು ಅಷ್ಟೇ. ಸೈಕಲ್ಲಿನ ಒಂದೊಂದು ನಟ್ಟನ್ನೂ ಬಿಗಿಯುತ್ತಿದ್ದವಳು ಅವಳೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಕಡ್ಡಿ ಬಿಗಿಯುವ ಚಾವಿಯನ್ನು ಎಲೆ ಅಡಿಕೆಯ ಸಂಚಿಯೊಳಗೆ ಇಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು.

ಆ ಸೈಕಲ್ ನೋಡಿ ನನಗೆ ಒಳಗೊಳಗೇ ಮೆಚ್ಚುಗೆಯಾಯಿತು. ಇಪ್ಪತ್ತು ಇಂಚಿನ ಫ್ರೇಮು. ದೊಡ್ಡವರ ಸೈಕಲ್ಲಿನದಾದರೆ ಮೇಲಿನ ಕೊಳವೆ ಕಾಲಿಗೆ ಅಡ್ಡ ಬರುತ್ತದೆ. ಬ್ರೇಕಿನ ಸರಳು ತೆಗೆದುಹಾಕಿದ್ದರಿಂದ ಹ್ಯಾಂಡಲ್ ಪೂರ್ತಿ ಸುತ್ತು ತಿರುಗುತ್ತಿತ್ತು. ಹಿಂದೆ ಫ್ರೀವೀಲ್ ಇರಲಿಲ್ಲ. ಹಲ್ಲುಚಕ್ರವನ್ನು ಹಬ್‌ಗೆ ಬೆಸೆದಿದ್ದರು, ಪೆಡಲ್ ಹಿಂದೆ ತುಳಿದರೆ ಸೈಕಲ್ಲೂ ಹಿಂದೆ. ಮುಂದಿನ ಎಕ್ಸೆಲಿನ ಎರಡೂ ಕಡೆ ಕಾಲಿಡಲು ಗೇಣುದ್ದದ ಕಬ್ಬಿಣದ ಗೂಟ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಸೈಕಲ್ಲುಗಳ ಅಂಗಗಳು ಜಗಳವಿಲ್ಲದೆ ಕೂತಿದ್ದವು.

ಅವನಿಗೆ ಒಂದು ಹೊಸ ಆಟ ಹೊಳೆದಿತ್ತು. ಮುಂದಿನ ಗೂಟಗಳ ಮೇಲೆ ನಿಂತು, ಹಿಂದಿನ ಗಾಲಿ ಮೇಲೆತ್ತಿ, ಮುಂದಿನ ಗಾಲಿಯೊಂದರ ಮೇಲೇ ಬುಗುರಿಯ ಹಾಗೆ ತಿರುಗುವುದು. ಆದರೆ ನಮ್ಮ ಸೈಕಲ್ಲುಗಳಲ್ಲಿ ಮುಂದಿನ ಗಾಲಿಗೆ ಮೂವತ್ತೆರಡೇ ಕಡ್ಡಿ, ಭಾರ ಹೊರುವ ಹಿಂದಿನ ಗಾಲಿಗೆ ನಲವತ್ತು. ಇಡೀ ಮೈಭಾರ ಮುಂದೆ ಬಿದ್ದಾಗಲೆಲ್ಲ ಕಡ್ಡಿ ಪಟಪಟ ಮುರಿಯುತ್ತಿದ್ದವು.

“ಮಿಸ್ತ್ರಿಯವರ, ಮುಂದಿಂದೂ ನಲವತ್ತು ಕಡ್ಡೀದು ಕಟ್ಟಿಕೊಡ್ರಿ. ಈ ಭಾಗದಾಗ ನಿಮ್ಮ ಕೈ ಬಿಟ್ರ ಇನ್ನೊಂದ ಕೈ ಇಲ್ಲ ಅಂತಾರ ಮಂದಿ” ಎಂದ ಅವನು.

ನಾನು ಉಬ್ಬಿದೆ. ಒಳಗಿಂದ ರಿಮ್ಮೊಂದನ್ನು ತಂದು ಅವನ ಕೈಗೆ ಕೊಟ್ಟು, “ಹಿಡೀರಿ, ನಲವತ್ತರದ್ದು. ಅಸಲಿ ಮಾಲು” ಎಂದೆ. ಅಂಗಡಿಯ ಮುಂದಿನ ಬೆಂಚಿನ ಮೇಲೆ ಬಸ್ಸಿಗೆ ಕಾಯುವ ನಾಲ್ಕೈದು ಮಂದಿ ಕೂತಿದ್ದರು. ಹೆಂಡತಿ ರಿಮ್ಮಿನ ಮೇಲೆ ಬೆರಳು ಓಡಿಸಿದಳು. ಎಣಿಸಿದಳು ಎಂದೂ ಹೇಳಲಾರೆ, ಅಷ್ಟು ಬೇಗ.

“ಅಣ್ಣಾರ, ಇದು ಮೂವತ್ತೆರಡರದ್ದರಿ” ಎಂದಳು.

ನಾನು ಎಣಿಸಿದೆ. ಮೂವತ್ತೆರಡೇ. ಗಡಿಬಿಡಿಯಲ್ಲಿ ಗೋಡೆಯ ಪಕ್ಕದ ಗೂಟಕ್ಕೆ ತೂಗುಹಾಕಿದ್ದ ರಿಮ್ಮು ಕೈಗೆ ಬಂದಿತ್ತು. ಬೆಂಚಿನ ಮೇಲಿದ್ದವನೊಬ್ಬ, “ಮಿಸ್ತ್ರಿ, ಇನ್ನ ಆ ಯವ್ವನ್ನ ಗಾದಿ ಮ್ಯಾಲ ಕೂಡಿಸಿ ನೀ ತಟ್ಟಿ ಹಿಡಿ” ಎಂದ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ನಕ್ಕಿದ್ದರೆ ಎರಡು ಬೈದು ಅಲ್ಲಿಗೇ ಮುಗಿಸಿಬಿಡುತ್ತಿದ್ದೆನೇನೋ. ಏನೂ ಆಗಿಲ್ಲವೆಂಬಂತೆ ರಿಮ್ಮನ್ನು ಒರೆಸಿ ನನ್ನ ಕೈಗೆ ಮರಳಿಸಿದಳು. ಆ ಸಮಾಧಾನ ನನಗೆ ಮುಳ್ಳಾಗಿ ನಟ್ಟಿತು.

ನಲವತ್ತರ ರಿಮ್ಮು ಸಿಕ್ಕಿತು. ಆದರೆ ನಲವತ್ತು ತೂತಿನ ಹಬ್ ಎಂದರೆ ಹಿಂದಿನ ಗಾಲಿಯ ಹಬ್. ಅದು ಅಗಲ. ಮುಂದಿನ ಚಕ್ರವನ್ನು ಹಿಡಿದುಕೊಳ್ಳುವ ಕವಲು, ನಮ್ಮ ಕಡೆ ಚಿಮಟಾ ಎನ್ನುತ್ತೇವೆ, ಅದರ ಎರಡು ಕಾಲುಗಳ ನಡುವೆ ಈ ಹಬ್ ಕೂರುವುದಿಲ್ಲ. ಎರಡು ಬೆರಳಿನಷ್ಟು ಜಾಗ ಕಡಿಮೆ ಬೀಳುತ್ತದೆ.

ಅವಳು ಅದನ್ನೂ ಮೊದಲೇ ಯೋಚಿಸಿಕೊಂಡು ಬಂದಿದ್ದಳು. “ಗುಲಬರ್ಗಾದಾಗ ಹಾಲಿನವರ ಭಾರದ ಸೈಕಲ್ಲಿಗಿ ಅಗಲ ಚಿಮಟಾ ಬರತಾವರಿ. ಅದರ ಕೊಳವಿ ನಮ್ಮ ಫ್ರೇಮಿಗಿ ಬರೋಬರ್ ಕೂಡತದೋ ಇಲ್ಲೋ ಅಳತಿ ನೋಡಿ ತರಬೇಕು. ಎಂಟ ದಿನ ತಡ ಆಗ್ಲಿ” ಎಂದಳು.

ಗಂಡನಿಗೆ ತಡೆಯುವ ಮನಸ್ಸಿರಲಿಲ್ಲ. ಬರುವ ಸಂತೆಗೆ ಹೊಸ ಆಟ ತೋರಿಸಬೇಕೆಂದು ಕುದಿಯುತ್ತಿದ್ದ. ನನ್ನ ಮುಖ ನೋಡಿದ.

“ಯಾಕ ಗುಲಬರ್ಗಾ? ಇದ್ದ ಚಿಮಟಾನೇ ಅಗಲ ಮಾಡತೇನಿ” ಎಂದೆ.

“ಅಗಲ ಮಾಡ್ರಿ, ಆದ್ರ ಬೆಂಕಿ ತೋರಸಬ್ಯಾಡ್ರಿ ಅಣ್ಣಾರ. ಮ್ಯಾಲಿನ ಕೂಡಿನಾಗ ಹಿತ್ತಾಳಿ ಹಾಕಿ ಬೆಸದಿರತಾರ. ಕಾದ್ರ ಅದು ಬಿಡತದ.”

ಇದು ನನಗೆ ಗೊತ್ತಿರದ ಮಾತಲ್ಲ. ಚಿಮಟಾದ ಎರಡು ಕಾಲು ಮೇಲೆ ಕೂಡುವ ಜಾಗದಲ್ಲಿ ಹಿತ್ತಾಳೆಯ ಬೆಸುಗೆ ಇರುತ್ತದೆಂದು ಎಲ್ಲ ಮಿಸ್ತ್ರಿಗಳಿಗೂ ಗೊತ್ತು. ಆದರೆ ಬೆಂಚಿನ ಮೇಲಿನವರು ಮತ್ತೆ ಕಿವಿ ನಿಮಿರಿಸಿದ್ದರು.

“ಏನ್ ಬೇ, ಹತ್ತು ವರ್ಷ ಇದೇ ಎಣ್ಣ್ಯಾಗ ಕೈ ಹಾಕೇನಿ. ನೀ ಒಲಿ ಮುಂದ ರೊಟ್ಟಿ ಬಡಿ, ನಾ ಇಲ್ಲಿ ಸೈಕಲ್ ಬಡೀತೇನಿ” ಎಂದೆ. ಈ ಸಲ ನಗು ನನ್ನ ಪರವಾಗಿ ಬಂತು. ಗಂಡನೂ ನಕ್ಕ. “ಏ, ಸುಮ್ಕಿರು” ಎಂದು ಅವಳಿಗೆ ಗದರಿದ.

ಮರುದಿನ ಚಿಮಟಾ ಬಿಚ್ಚಿ ತಣ್ಣಗಿರುವಾಗಲೇ ಅಗಲಿಸಲು ನೋಡಿದೆ. ಜ್ಯಾಕ್ ಹಚ್ಚಿ ತಿರುಗಿಸಿದರೆ ಅಗಲವಾಗುವುದು, ಬಿಟ್ಟರೆ ಮತ್ತೆ ಕೂಡಿಕೊಳ್ಳುವುದು. ನಿಧಾನವಾಗಿ ಎರಡು ದಿನ ಮಾಡಿದ್ದರೆ ಆಗುತ್ತಿತ್ತು. ತಾಳ್ಮೆ ಕೆಟ್ಟು ಕಮ್ಮಾರನ ಕುಲುಮೆಗೆ ಒಯ್ದೆ. ಕೆಂಪಗೆ ಕಾಯಿಸಿ ಎಳೆದೆವು. ಬೆಣ್ಣೆಯ ಹಾಗೆ ಬಂತು. ಕೂಡಿನ ಅಂಚಿನಲ್ಲಿ ಹಳದಿ ಹನಿಯೊಂದು ಜಿನುಗಿ ಹೆಪ್ಪುಗಟ್ಟಿದ್ದನ್ನು ಕಂಡೆ. ಕಂಡೆ ಎಂಬುದನ್ನು ಇಲ್ಲಿ ಬರೆಯಲೇಬೇಕು. ಅರದಿಂದ ಅದನ್ನು ಉಜ್ಜಿ ಮೇಲೆ ಕಪ್ಪು ಬಣ್ಣ ಬಳಿದೆ.

ಚಕ್ರ ಮಾತ್ರ ಚೆನ್ನಾಗಿ ಕಟ್ಟಿದ್ದೆ. ಅಂಥ ಚಕ್ರ ಮತ್ತೆ ಕಟ್ಟಿಲ್ಲ. ಅವಳು ತಿರುಗಿಸಿ ನೋಡಿ ತಲೆದೂಗಿದಳು. ಆಮೇಲೆ ಬಗ್ಗಿ ಚಿಮಟಾದ ಕೂಡನ್ನು ಉಗುರಿನಿಂದ ಕೆರೆದಳು.

“ಬೆಂಕಿ ತೋರಿಸೀರೇನ್ರಿ?”

“ಇಲ್ಲ.”

ಅವಳು ಗಂಡನ ಕಡೆ ನೋಡಿದಳು. ಅವನು ನನ್ನ ಹಣೆಯ ವಿಭೂತಿ, ಕೊರಳಿನ ಕರಡಿಗೆ ನೋಡಿದ. “ಲಿಂಗಾ ಕಟ್ಟಿದವ್ರು ಹೇಳಾಕತ್ತಾರ, ಮತ್ತೇನ ಕೇಳತಿ?” ಎಂದ.

ಅವರ ಆಟದಲ್ಲಿ ಒಂದು ಪದ್ಧತಿ ಇತ್ತು. ಹೊಸ ಚಕ್ರದ ಮೊದಲ ಆಟಕ್ಕೆ ಅದನ್ನು ಕಟ್ಟಿದವನು ವರ್ತುಲದ ಒಳಗೆ ನಿಲ್ಲಬೇಕು. ಅವನ ತಲೆಗೆ ಆಟಗಾರನೇ ರುಮಾಲು ಸುತ್ತುತ್ತಾನೆ. ಆಟ ಮುಗಿಯುವತನಕ ಅವನು ಹೊರಗೆ ಹೋಗುವಂತಿಲ್ಲ. ಜಾಮೀನು ನಿಂತ ಹಾಗೆ ಎಂದು ಅವನು ನಕ್ಕು ಹೇಳಿ ನನಗೆ ಕೇಸರಿ ರುಮಾಲು ಸುತ್ತಿದ.

ಸಂತೆಯ ದಿನ ಇಳಿಹೊತ್ತು. ಬಯಲಿನ ತುಂಬ ಜನ. ಹಳೆಯ ಆಟಗಳು ಮುಗಿದವು. ಆಮೇಲೆ ಅವನು ಸೈಕಲ್ ಓಡುತ್ತಿರುವಾಗಲೇ ಪೆಡಲಿನಿಂದ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಎತ್ತಿ ಮುಂದಿನ ಗೂಟಗಳ ಮೇಲಿಟ್ಟ. ಹಿಂದಿನ ಗಾಲಿ ನೆಲ ಬಿಟ್ಟಿತು. ತಿರುಗಿದ. ಒಂದು ಸುತ್ತು, ಎರಡು, ಮೂರು. ಜನ ಉಸಿರು ಬಿಡಲಿಲ್ಲ. ಅವನ ಮುಖ ನನ್ನ ಎದುರು ಬಂದಾಗಲೆಲ್ಲ ಅದರ ಮೇಲೆ ನಗು ಇತ್ತು, ಕಣ್ಣು ಮುಚ್ಚಿದ್ದವು. ಕಾಲಿನ ಮೇಲೆ ಅಷ್ಟು ನಂಬಿಕೆ.

ನಾಲ್ಕನೇ ಸುತ್ತಿನಲ್ಲಿ ‘ಟಕ್’ ಎಂದಿತು. ಬಳೆ ಒಡೆದಷ್ಟು ಸದ್ದು. ಚಿಮಟಾದ ಬಲಗಾಲು ಕೂಡಿನಿಂದ ಕಳಚಿತು. ಅವನ ಬಲಗಾಲು ತಿರುಗುತ್ತಿದ್ದ ಕಡ್ಡಿಗಳೊಳಗೆ ಹೋಯಿತು. ಮೈ ಒಂದು ಕಡೆ ಬಿತ್ತು, ಕಾಲು ಅಲ್ಲೇ ಉಳಿಯಿತು.

ಜನ ಹೋ ಎಂದು ನಕ್ಕು ಸೀಟಿ ಹೊಡೆದರು. ಬೀಳುವುದೂ ಆಟದ ಭಾಗ ಎಂದುಕೊಂಡರು. ಅವನು ಕೂಗಿದಾಗ ಇನ್ನೂ ಜೋರಾಗಿ ನಕ್ಕರು.

ಎಲ್ಲರಿಗಿಂತ ಹತ್ತಿರ ಇದ್ದವನು ನಾನು, ನಾಲ್ಕು ಹೆಜ್ಜೆ. ನಾನು ಮೊದಲು ಹಿಡಿದದ್ದು ಸೈಕಲ್ಲನ್ನು. ಅವನ ಕಾಲನ್ನು ಕಡ್ಡಿಗಳಿಂದ ಎಳೆದು ಹೊರಹಾಕಿದೆ, ಅವನಿಗಾಗಿ ಅಲ್ಲ, ಸೈಕಲ್ ಬಿಡಿಸಿಕೊಳ್ಳಲು. ತಲೆಯ ರುಮಾಲು ಬಿಚ್ಚಿ ಮುರಿದ ಕೂಡಿಗೆ ಸುತ್ತಿದೆ. ಸುತ್ತಿ ತಲೆ ಎತ್ತಿದರೆ ಅವಳು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕೈಗಳನ್ನೇ ನೋಡುತ್ತಿದ್ದಳು.

“ಏನಾತಲೇ?” ಎಂದು ಯಾರೋ ಕೇಳಿದರು.

“ಕಾಲು ಜಾರಿತು” ಎಂದೆ.

ಅವನನ್ನು ಗುಲಬರ್ಗಾದ ದವಾಖಾನೆಗೆ ಬಸ್ಸಿನಲ್ಲಿ ಸಾಗಿಸಿದರು. ಅವರು ಬಸ್ ಹತ್ತುವ ಹೊತ್ತಿಗೆ ನಾನು ಅಂಗಡಿಯಲ್ಲಿ ಮುರಿದ ಚಿಮಟಾ ಬಿಚ್ಚಿ, ಬಾಡಿಗೆ ಸೈಕಲ್ಲಿನ ಚಿಮಟಾ ಮತ್ತು ಮೂವತ್ತೆರಡರ ಗಾಲಿ ಹಾಕಿ ಮುಗಿಸಿದ್ದೆ. ಗಾಲಿ ಹಾಳಾಗಿತ್ತು, ಪುಕ್ಕಟೆ ಬದಲಿಸಿಕೊಟ್ಟೆ ಎಂದು ಬಂದವರಿಗೆಲ್ಲ ಹೇಳಿದೆ. ದೊಡ್ಡ ಮನಸ್ಸು ಎಂದರು. ಮುರಿದದ್ದನ್ನು ಮರುದಿನ ಗುಜರಿಯವನ ಗಾಡಿಗೆ ಎಸೆದೆ.

ಸೈಕಲ್ ಒಯ್ಯಲು ಬಂದಾಗ ಅವಳು ಬಯಲಿನಲ್ಲಿ ನಿಂತು ನಾಲ್ಕು ಮಂದಿಗೆ ಚಿಮಟಾ ಮುರಿಯಿತೆಂದು ಹೇಳಿದಳಂತೆ. “ಕುಣೀಲಾರದಾಕಿ ನೆಲಾ ಡೊಂಕು ಅಂದಳಂತ” ಎಂದು ಅವರು ನಕ್ಕರಂತೆ. ಅದನ್ನು ನನ್ನ ಮುಂದೆ ಬಂದು ಹೇಳಿದಾಗ ನಾನೂ ನಕ್ಕೆ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಅದು ಹಸಿ ಸುಳ್ಳು. ಮಾಡಿದವನು ನಾನು. ಮೂರು ಹೊತ್ತು ಹೊಟ್ಟೆ ತುಂಬ ರೊಟ್ಟಿಯನ್ನೇ ಉಂಡೆ.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಅವಳೊಬ್ಬಳೇ ಅಂಗಡಿಗೆ ಬಂದಳು. ಜಗಳಕ್ಕೆ ಬಂದಿದ್ದಾಳೆಂದು ಕೈಯಲ್ಲಿದ್ದ ನಟ್ಟು ತಿರುಗಿಸುವ ಪಾನಾ ಬಿಗಿ ಹಿಡಿದೆ. ಅವಳು ಹೊಸ್ತಿಲ ಹೊರಗೇ ಕೂತಳು.

“ಕಾಲ ಕೂಡೇದರಿ. ಜರಾ ಕುಂಟತಾರ, ಅಷ್ಟ. ದವಾಖಾನ್ಯಾಗ ಸೈಕಲ್ ತುಳೀಲಿ ಅಂತ ಹೇಳ್ಯಾರ. ಇವರ ಹತ್ತವಲ್ಲರು. ‘ಅವತ್ತು ನನ್ನ ಕಾಲು ತಪ್ಪಿತು, ಇನ್ನ ಈ ಕಾಲು ನನ್ನ ಮಾತ ಕೇಳಂಗಿಲ್ಲ’ ಅಂತಾರ. ನೆಲದ ಮ್ಯಾಲ ನಡಿಯಾಕೂ ನೋಡಿ ನೋಡಿ ಹೆಜ್ಜಿ ಇಡಾಕತ್ತಾರ.”

ನಾನು ಪಾನಾ ಕೆಳಗಿಟ್ಟೆ.

“ನಿಮ್ಮ ಅಂಗಡಿ ಹೆಸರ ಕೆಡಸಾಕ ಬಂದಿಲ್ಲರಿ ಅಣ್ಣಾರ. ಮಂದಿ ಮುಂದ ಹೇಳಬ್ಯಾಡ್ರಿ. ಅವರೊಬ್ಬರ ಮುಂದ, ಚಿಮಟಾ ಮುರೀತು, ನಿನ್ನ ಕಾಲು ಬರೋಬರ್ ಇತ್ತು, ಇಷ್ಟ ಅನ್ರಿ. ನಾ ಹೇಳಿದ್ರ ಸಮಾಧಾನಕ್ಕ ಹೇಳತಾಳ ಅಂತಾರ. ಚಕ್ರ ಕಟ್ಟಿದವ್ರ ಮಾತೇ ಅವರಿಗಿ ಕಡೀ ಮಾತು. ನೀವಂದ್ರ ನಾಳೇನೇ ಹತ್ತತಾರ.”

ಬೇರೇನೂ ಕೇಳಲಿಲ್ಲ. “ಸಂತಿ ದಿನ ಕರ್ಕೊಂಡ ಬರ್ರಿ” ಎಂದೆ. ಅವಳು ಕೈ ಮುಗಿದು ಹೋದಳು. ಹೇಳಬೇಕೆಂದೇ ನಾನು ಆ ನಾಲ್ಕು ದಿನ ಇದ್ದೆ. ಸ್ನಾನ ಮಾಡಿ ಲಿಂಗಪೂಜೆಗೆ ಕೂತಾಗ ಮಾತನ್ನು ಬಾಯಲ್ಲೇ ಆಡಿ ನೋಡಿಕೊಂಡಿದ್ದೆ. ಚಿಮಟಾ ಮುರೀತು. ಎರಡೇ ಶಬ್ದ.

ಅವರು ಬಂದರು. ಅವನು ಅವಳ ಹಿಂದೆ, ಕಣ್ಣು ನೆಲಕ್ಕೆ ಅಂಟಿಸಿ, ಪ್ರತಿ ಹೆಜ್ಜೆಗೂ ಜಾಗ ಹುಡುಕುತ್ತ ಬಂದ. ನಡೆದರೆ ನೆಲಕ್ಕೆ ಗೊತ್ತಾಗದವನು ಈಗ ನೆಲವನ್ನು ಕೇಳಿ ಕೇಳಿ ನಡೆಯುತ್ತಿದ್ದ. ನನ್ನ ಬೆಂಚಿನ ಮೇಲೆ ಶಾಲೆಯ ಮಾಸ್ತರರೊಬ್ಬರು ಪಂಕ್ಚರ್ ಹಾಕಿಸಿಕೊಳ್ಳಲು ಕೂತಿದ್ದರು, ಪಕ್ಕದಲ್ಲಿ ಅವತ್ತು ‘ತಟ್ಟಿ ಹಿಡಿ’ ಎಂದಿದ್ದ ಆ ಬಾಯಾಳಿ.

“ಜರಾ ಒಳಗ ಹೋಗೋಣೇನ್ರಿ?” ಎಂದಳು ಅವಳು.

ಒಳಗೆ ಕರೆದೊಯ್ಯಬಹುದಿತ್ತು. ಎರಡು ಹೆಜ್ಜೆಯ ಮಾತು. ಅವಳ ಮುಖ ನೋಡಿದೆ. ಅದರಲ್ಲಿ ದ್ವೇಷ ಇದ್ದಿದ್ದರೆ ಎದುರಿಸುತ್ತಿದ್ದೆ. ಅಲ್ಲಿ ಇದ್ದದ್ದು ನಂಬಿಕೆ, ನಾನು ಸತ್ಯ ಹೇಳಿಯೇ ಹೇಳುತ್ತೇನೆಂಬ ನಂಬಿಕೆ. ರಿಮ್ಮಿನ ತೂತು ಎಣಿಸಿದಾಗ ಇದ್ದ ಅದೇ ಸಮಾಧಾನ. ಈ ಹೆಂಗಸು ನನ್ನನ್ನೂ ಎಣಿಸಿಬಿಟ್ಟಿದ್ದಾಳೆ ಎನಿಸಿತು. ಮೈ ಉರಿಯಿತು.

“ಇಲ್ಲೇ ಹೇಳ್ರಿ. ಪರಕೀಯರು ಯಾರದಾರ ಇಲ್ಲಿ?” ಎಂದೆ.

ಅವನು ಮುಂದೆ ಬಂದ. “ಮಿಸ್ತ್ರಿಯವರ, ಒಂದ ಮಾತ ಕೇಳತೇನಿ, ಲಿಂಗದ ಮ್ಯಾಲ ಕೈ ಇಟ್ಟ ಹೇಳ್ರಿ. ಅವತ್ತ ಹೋಗಿದ್ದು ಚಿಮಟಾನೋ, ನನ್ನ ಕಾಲೋ?”

ಬಾಯಾಳಿ ಬೀಡಿ ಸೇದುವುದನ್ನು ನಿಲ್ಲಿಸಿದ. ನಾನು ಎದೆಯ ಮೇಲಿನ ಕರಡಿಗೆಯ ಮೇಲೆ ಕೈ ಇಟ್ಟೆ.

“ಕಾಲು” ಎಂದೆ.

ಅವಳ ಬಾಯಿಂದ ಒಂದು ಸಣ್ಣ ಸದ್ದು ಬಂತು. ಅಷ್ಟೇ. ಅವನು ಬಹಳ ಹೊತ್ತು ತನ್ನ ಬಲಗಾಲನ್ನೇ ನೋಡಿದ. ಆಮೇಲೆ ನನಗೆ ಕೈ ಮುಗಿದ. ಹೌದು, ಕೈ ಮುಗಿದ.

“ಖರೇ ಹೇಳಿದ್ರಿ. ಉಪಕಾರ ಆತು. ಇಕಿ ಇಷ್ಟ ದಿನ ಚಿಮಟಾ ಚಿಮಟಾ ಅಂತ ನನ್ನ ತಲಿ ತಿಂದಳರಿ. ಹತ್ತಿ ಬಿದ್ದಿದ್ರ ಇನ್ನೊಂದ ಕಾಲೂ ಹೋಗತಿತ್ತು.” ಹೆಂಡತಿಯ ಕಡೆ ತಿರುಗಿ, “ಸುಳ್ಳ ಹೇಳಿ ನನ್ನ ಕೊಲ್ಲಾಕ ನಿಂತಿದ್ದೇನ್ ಬೇ?” ಎಂದ.

ಅವಳು ಅವನ ಕಡೆ ನೋಡಲಿಲ್ಲ. ನನ್ನ ಕಡೆಗೂ ನೋಡಲಿಲ್ಲ. ಅವನು ಅವಳ ಸೊಂಟದ ಸಂಚಿಗೆ ಕೈ ಹಾಕಿ ಕಡ್ಡಿ ಬಿಗಿಯುವ ಚಾವಿ ಹೊರತೆಗೆದು ನನ್ನ ಗಲ್ಲಾಪೆಟ್ಟಿಗೆಯ ಮೇಲಿಟ್ಟ.

“ಇನ್ನ ಇದು ಇಕಿಗಿ ಬ್ಯಾಡ. ನಿಮ್ಮ ಕೈಯಾಗ ಇರಲಿ” ಎಂದ.

ಅವರು ಹೋದ ಮೇಲೆ ಬಾಯಾಳಿ, “ನೀ ಹೇಳಿದ್ದ ಚಲೋ ಆತು ಬಿಡು” ಎಂದ. ಮಾಸ್ತರರ ಟ್ಯೂಬಿನ ಪಂಕ್ಚರ್ ಹಚ್ಚಿ ಮುಗಿಸಿದೆ. ಅವನು ಮುಂದೆ ಯಾವ ಸಂತೆಯಲ್ಲೂ ಕಾಣಲಿಲ್ಲ.

ಚಾವಿ ಒಳ್ಳೆಯದಿತ್ತು. ಅವಳ ಬೆರಳು ಸವೆಸಿದ ಜಾಗದಲ್ಲಿ ನನ್ನ ಬೆರಳು ಸರಿಯಾಗಿ ಕೂತವು. ಅಂಗಡಿ ಮುಚ್ಚುವತನಕ ನಾನು ಅದರಿಂದಲೇ ಚಕ್ರ ಕಟ್ಟಿದೆ.